ಒಂದು ಸೀರೆಗೆ ಎಷ್ಟು ಹೆಸರು

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದ ಆ ತಿಂಗಳುಗಳಲ್ಲಿ ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ಎರಡು ಭಾಷೆಗಳಲ್ಲಿ ಯಾವುದು? ಮಾತಾಡುವ ಭಾಷೆಗಳಲ್ಲ, ಕಂಪ್ಯೂಟರಿಗೆ ಬರುವ ಮಾಹಿತಿ ಸರಿಯಿದೆಯೇ ಎಂದು ತಡೆದು ನೋಡುವ ನಿಯಮಗಳನ್ನು ಬರೆಯುವ ಭಾಷೆಗಳು. ನೇಕಾರರ ಸಂಘವೊಂದು ಪ್ರತಿ ರೇಷ್ಮೆ ಸೀರೆಗೂ ಚೀಟಿ ಅಂಟಿಸಲಿತ್ತು. ಅದಕ್ಕೆ ಮೊಬೈಲ್ ಹಿಡಿದರೆ ನೇಯ್ದವರ ಹೆಸರು ಕಾಣಬೇಕು; ಅದರ ನಿಯಮ ಬರೆಯುವ ಕೆಲಸ ನನ್ನದು. ಚೀಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ನೇಕಾರರ ಗುರುತಿನ ಕಾರ್ಡು.

ಒಂದು ಭಾಷೆ ಬಲು ಶಿಸ್ತಿನದು. ಯಾವ ಖಾನೆಯಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ, ಎಷ್ಟು ಹೆಸರು, ಅಷ್ಟೇ ಅದರ ಲೋಕ. ಇನ್ನೊಂದು 'ಹೀಗಿದ್ದರೆ ಹಾಗಿರಬೇಕು' ಎನ್ನುವಂಥದು. ಬರೆಯಲು ಹೊತ್ತು ಹಿಡಿಯುತ್ತದೆ. ನನಗೋ ಅವಸರ ಜಾಸ್ತಿ. ಮೊದಲನೆಯದನ್ನೇ ಹಿಡಿದು, ಸೀರೆಗೊಬ್ಬ ನೇಕಾರ ಎಂದು ಬರೆದೆ.

ಪರೀಕ್ಷೆ ಮಾಡಲು ಕೊಳ್ಳೇಗಾಲದ ಒಂದು ನೇಕಾರರ ಮನೆಗೆ ಹೋದೆ. ಗಂಡ ಮಗ್ಗದಲ್ಲಿ ಕೂತಿದ್ದರು, ಹೆಂಡತಿ ಅವರ ಎಡಕ್ಕೆ. ಅಂಚಿನ ಬಣ್ಣ ಬೇರೆಯಿರುವ ಸೀರೆ ಅದು; ಪ್ರತಿ ಎಳೆಗೂ ಅಂಚಿನ ನೂಲು ಹೊತ್ತ ಲಾಳಿಯನ್ನು ಆಕೆಯೇ ಎಸೆಯಬೇಕು. ನನಗೆ ಇದು ಗೊತ್ತೇ ಇರಲಿಲ್ಲ, ಬಿಟ್ಟ ಬಾಯಿ ಬಿಟ್ಟ ಹಾಗೆ ನೋಡುತ್ತ ಕೂತೆ. ಆಮೇಲೆ ಇಬ್ಬರ ಹೆಸರು ಹಾಕಿದರೆ ಮೊಬೈಲಿನಲ್ಲಿ ಕೆಂಪು ಗುರುತು. ಗಂಡ ತಡಮಾಡದೆ ಹೆಂಡತಿಯ ಹೆಸರು ಅಳಿಸಿದರು.

"ಮಿಷನ್ನೇ ಒಪ್ಪಲ್ಲ ಅಂದ್ಮೇಲೆ ಏನ್ ಮಾಡದು ಸಾ? ಅವ್ಳು ಸುಮ್ನೆ ಕೈಜೋಡಿಸ್ತಾಳೆ ಅಷ್ಟೆ."

"ಸುಮ್ನೆನಾ? ನಾಳೆ ನೀವೊಬ್ರೇ ನೇಯ್ಕಳಿ, ನಾನೂ ನೋಡ್ತೀನಿ," ಎಂದರು ಆಕೆ. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ನಂಗೂ ಕಾರ್ಡ್ ಬತ್ತದಾ ಸಾ?" ಎಂದು ಮೆಲ್ಲಗೆ ಕೇಳಿದರು.

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಒಂದೋ ಎರಡೋ ಹೆಸರು ಇರಲಿ ಎಂದು ಸಡಿಲಿಸಬಹುದಿತ್ತು. ಆದರೆ ಅಡ್ಡಗೋಡೆ ಮೇಲೆ ದೀಪ ಇಟ್ಟರೆ ಅಳಿಸುವವರು ಅಳಿಸುತ್ತಲೇ ಇರುತ್ತಾರೆ. ಎರಡನೆಯ ಭಾಷೆಗೆ ಹೊರಳಿದೆ: ಅಂಚು ಬೇರೆ ಬಣ್ಣದ್ದಾದರೆ ಎರಡು ಹೆಸರು ಇರಲೇಬೇಕು. ಬಹಳ ಜಾಣತನ ಮಾಡಿದೆನೆಂದು ಬಸ್ಸಿನಲ್ಲೇ ಬೀಗಿದೆ.

ಮುಂದಿನ ಸಲ ಹೋದಾಗ ಗಂಡ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದರು. ಹೆಂಡತಿ ಒಬ್ಬರೇ ಅತ್ತ ಇತ್ತ ಬಾಗಿ, ಇಬ್ಬರ ಕೆಲಸವನ್ನೂ ಮಾಡಿ, ಇಡೀ ಸೀರೆ ಮುಗಿಸಿದ್ದರು. ಆಕೆಯ ಹೆಸರೊಂದನ್ನೇ ಹಾಕಿದೆ. ನನ್ನದೇ ನಿಯಮ ಕೆಂಪು ತೋರಿಸಿತು.

"ಅವ್ರುದ್ದೂ ಹಾಕ್ಬುಡಿ ಸಾ. ಪಕ್ದಲ್ಲೇ ಕುಂತಿದ್ರಲ್ಲ," ಎಂದರು ಆಕೆ. ಹಾಕಿದೆ. ತಕ್ಷಣ ಹಸಿರು ಬಂತು. ಥೂ ಎನಿಸಿತು.

ಗಂಡ ಎದ್ದು ಬಂದು ನೋಡಿದರು. "ನಾನೆಲ್ಲಿ ನೇಯ್ದೆ? ನಂದ್ನ ತೆಗೀರಿ ಸಾ. ಮಿಷನ್ ಒಪ್ದಿದ್ರೆ ಅದೇ ಬಂದು ನೇಯ್ಲಿ."

ಅಲ್ಲೇ ಕೂತು ನಿಯಮ ತಿದ್ದಿದೆ: ಒಬ್ಬರಿರಲಿ ಇಬ್ಬರಿರಲಿ, ಅಂಚಿನ ಲಾಳಿ ಎಸೆದವರ ಹೆಸರಿಲ್ಲದೆ ಚೀಟಿ ಇಲ್ಲ. ಆ ಮನೆಗೆ ಮೊದಲು ಬಂದ ಕಾರ್ಡು ಆಕೆಯದು.