ನನ್ನ ಕಾಲು ಹಿಡಿದು ಎಳೆದ ಕೈ

ಮೈಮೇಲೆ ಬರುವುದು, ಗಾಳಿ ಸೋಕುವುದು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳುವುದು, ಇಂಥ ಮಾತು ಯಾರಾದರೂ ಎತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ನೆಲಮಂಗಲದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ನಮ್ಮತ್ತಿಗೆ ಮಗ್ಗಕ್ಕೆ ನಿಂಬೆಹಣ್ಣು ಕಟ್ಟಿದಾಗ, "ಅದರ ಬದಲು ಎಣ್ಣೆ ಬಿಡಿ ಅತ್ತಿಗೆ, ಚೆನ್ನಾಗಿ ಓಡ್ತದೆ" ಎಂದು ನಕ್ಕವಳು. ಈಗ ದೆವ್ವ ಭೂತಗಳನ್ನು ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ನನಗಾದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನಣ್ಣ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುತ್ತಾನೆ. ಗಟ್ಟಿ ಆಳು, ಆದರೆ ಯಾರ ಮೇಲೂ ಕೈ ಎತ್ತಿದವನಲ್ಲ. ಆ ವರ್ಷ ಅವನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದು ತಾನೇ ತೀರ್ಮಾನಿಸಿ ಯಾರೋ ಹೇಳಿದ ಕಷಾಯ ಕುಡಿದುಕೊಂಡಿದ್ದ. ಆಮೇಲೆ ಮಲ ಬರುವುದೇ ನಿಂತಿತು, ಗಾಳಿಯೂ ಹೋಗದಾಯಿತು. ಅತ್ತಿಗೆ ಫೋನ್ ಮಾಡಿ ಅತ್ತರೆಂದು ನಾನು ಹೋದಾಗ ಅಣ್ಣ ಮಗ್ಗದ ಪಕ್ಕದ ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಹೊಟ್ಟೆ ಊದಿ, ಚರ್ಮ ಹೊಳೆಯುವಷ್ಟು ಬಿಗಿದಿತ್ತು. ನೋವು ಬಂದಾಗ ಚಚ್ಚಿಕೊಳ್ಳುವುದು, ಇಳಿದಾಗ ಏದುಸಿರು ಬಿಡುವುದು. ಕಾರಿನಲ್ಲಿ ಕೂರಿಸಿಕೊಂಡು ದೇವನಹಳ್ಳಿ ಕಡೆಯ ಒಂದು ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ವಾಂತಿ. ಆ ವಾಂತಿಗೆ ಮಲದ ನಾತ ಇತ್ತು.

ಸ್ಕ್ಯಾನ್ ನೋಡಿದ ಸರ್ಜನ್ ನನ್ನನ್ನೂ ಅತ್ತಿಗೆಯನ್ನೂ ಪಕ್ಕಕ್ಕೆ ಕರೆದರು. "ದೊಡ್ಡ ಕರುಳಲ್ಲಿ ಗಡ್ಡೆ ಬೆಳೆದು ದಾರಿ ಪೂರ್ತಿ ಮುಚ್ಚಿದೆ. ಕ್ಯಾನ್ಸರ್ ಥರಾನೇ ಕಾಣ್ತಿದೆ. ಇವತ್ತೇ ತೆಗೀಬೇಕು, ಇಲ್ದಿದ್ರೆ ಕರುಳು ಒಡೆಯುತ್ತೆ. ಹೊಟ್ಟೆ ಮೇಲೆ ಬೇರೆ ದಾರಿ ಮಾಡಿ ಚೀಲ ಹಾಕ್ತೀವಿ, ಮಲ ಅದರೊಳಕ್ಕೆ ಬರುತ್ತೆ."

ಅಣ್ಣನಿಗೆ ಇದು ಕೇಳಿಸಿತು. ಹೊಟ್ಟೆಯ ಒತ್ತಡ ಇಳಿಯಲೆಂದು ಮೂಗಿನಲ್ಲಿ ಹಾಕಿದ್ದ ನಳಿಕೆಯನ್ನು ಕಿತ್ತು ಎಸೆದ. ತಡೆಯಲು ಬಂದ ವಾರ್ಡ್ ಬಾಯ್ ದವಡೆಗೆ ಗುದ್ದಿದ. ಡ್ರಿಪ್ಪಿನ ಕಂಬ ಉರುಳಿತು. ಯಾರ ಮೇಲೂ ಕೈ ಎತ್ತದವನು ಅತ್ತಿಗೆಯ ಎದೆಗೆ ಒದ್ದ. "ಹೇಲು ಕಟ್ಕೊಂಡು ತಿರುಗಲ್ಲ ಕಣ್ರೋ, ಸಾಯ್ತೀನಿ ಬಿಡ್ರಿ" ಎಂದು ಕೂಗುತ್ತಿದ್ದ. ಸಿಬ್ಬಂದಿಯೆಲ್ಲ ಸೇರಿ ಮೈಮೇಲೆ ಬಿದ್ದು ಅದುಮಿ ಹಿಡಿದರು.

ನಾನು ಅವನ ಮುಖದ ಹತ್ತಿರ ಬಗ್ಗಿ, "ಅಣ್ಣ, ಬದುಕಿದ್ರೆ ಚೀಲದ ಮಾತು. ಈಗ ಸುಮ್ನೆ ಹೂಂ ಅನ್ನು" ಎಂದೆ.

ಅವನು ನನ್ನ ಬಲಗೈ ಮಣಿಕಟ್ಟು ಹಿಡಿದು, "ನೀನು ಹೊರಗೇ ಇರ್ತೀಯ ಏನಮ್ಮ?" ಎಂದ.

"ಎಲ್ಲಿಗೂ ಹೋಗಲ್ಲ."

ಹೂಂ ಎಂದ. ಒಳಗೆ ಕರೆದುಕೊಂಡು ಹೋದರು.

ಹೊರಗೆ ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಅತ್ತಿಗೆ ಮತ್ತು ನಾನು ಕೂತೆವು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ನಾನು ಅರೆನಿದ್ದೆಯಲ್ಲಿರಲಿಲ್ಲ, ಅತ್ತಿಗೆಗೆ ಎಳನೀರು ತರಲೇ ಎಂದು ಕೇಳುತ್ತಿದ್ದೆ. ಮಾತು ಮುಗಿಯುವ ಮೊದಲು ಯಾರೋ ನನ್ನ ಎಡಗಾಲಿನ ಹರಡನ್ನು ಹಿಡಿದರು. ಕೆಳಗೆ ನೋಡಿದರೆ ಯಾರೂ ಇರಲಿಲ್ಲ. ಹಿಡಿತ ಬಿಗಿಯಾಯಿತು, ಒಂದೇ ಸಲಕ್ಕೆ ಎಳೆಯಿತು. ಬೆಂಚಿನಿಂದ ಕೆಳಗೆ ಬಿದ್ದೆ, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಅಲ್ಲಿಗೂ ಬಿಡಲಿಲ್ಲ. ಆಪರೇಷನ್ ಕೋಣೆಯ ಬಾಗಿಲಿನ ಕಡೆಗೆ ನನ್ನನ್ನು ದರದರ ಎಳೆದುಕೊಂಡು ಹೋಯಿತು. ಉಗುರು ಮುರಿಯುವ ಹಾಗೆ ನೆಲ ಕೆರೆದೆ. ಅತ್ತಿಗೆ ನನ್ನ ಎರಡೂ ತೋಳು ಹಿಡಿದು ಹಿಂದಕ್ಕೆ ಜಗ್ಗಿದರು, ಅವರೂ ನನ್ನ ಜೊತೆ ಜಾರಿದರು. ನನಗೆ ಜೀವ ಹೋಗುವ ಭಯ. ಬಲಗಾಲಿನಿಂದ ಆ ಕಾಣದ ಕೈಗೆ ಒದ್ದೆ. ಮತ್ತೆ ಮತ್ತೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒದ್ದೆ. ಒದ್ದಲ್ಲಿ ಗಟ್ಟಿಯಾಗಿ ಏನೋ ತಗುಲುತ್ತಿತ್ತು.

ಬಾಗಿಲು ತೆರೆದು ನರ್ಸ್ ಒಬ್ಬಳು ನಮ್ಮ ಕಡೆ ನೋಡದೆ ರಕ್ತದ ಬಾಟಲಿಗೆಂದು ಓಡಿಹೋದಳು. ಸ್ವಲ್ಪ ಹೊತ್ತಿಗೆ ಹಿಡಿತ ತಾನಾಗಿ ಸಡಿಲವಾಯಿತು.

ಆ ಹೊತ್ತಿಗೇ ಒಳಗೆ ಅಣ್ಣನ ಹೃದಯ ನಿಂತಿತ್ತು ಎಂದು ಸರ್ಜನ್ ಆಮೇಲೆ ಹೇಳಿದರು. "ಎದೆ ಒತ್ತಿ ಒತ್ತಿ ವಾಪಸ್ ತಂದ್ವಿ. ಎರಡು ಪಕ್ಕೆಲುಬು ಮುರಿದಿವೆ, ಅದನ್ನ ತಪ್ಪಿಸೋಕಾಗ್ಲಿಲ್ಲ. ಗಡ್ಡೆ ತೆಗೆದಿದ್ದೀವಿ." ಅವರ ಅಂಗಿಯ ಕಂಕುಳು ಬೆವರಿನಿಂದ ಒದ್ದೆಯಾಗಿತ್ತು. ನನ್ನ ತಲೆಗೆ ಹೊಲಿಗೆ ಹಾಕಿದ ಡಾಕ್ಟರು ಮೂರ್ಛೆ ಬಂದಿರಬೇಕು ಎಂದರು. ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಕಾಲಿನ ಮೇಲೆ ಮೂಡಿದ್ದ ನಾಲ್ಕು ಬೆರಳು, ಒಂದು ಹೆಬ್ಬೆರಳಿನ ನೀಲಿ ಗುರುತು ನೋಡಿದ ನರ್ಸ್ ಮಾತ್ರ ಮೆಲ್ಲಗೆ, "ಮನೇಲಿ ಯಾರಾದ್ರೂ ಹೊಡೀತಾರಾ ಮೇಡಂ?" ಎಂದು ಕೇಳಿದಳು.

ಅಣ್ಣನಿಗೆ ಪ್ರಜ್ಞೆ ಬಂದ ಮೇಲೂ ನಾನು ಇದನ್ನು ಹೇಳಲಿಲ್ಲ. ನೀವೂ ಹೇಳಬೇಡಿ ಎಂದು ಅತ್ತಿಗೆಗೆ ಹೇಳಿದ್ದೆ. ವಾರ್ಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಅವನೇ ಶುರುಮಾಡಿದ.

"ಎಲ್ಲಿಗೋ ಬೀಳ್ತಾ ಇದ್ದೆ ಕಣಮ್ಮ. ತಳಾನೇ ಇಲ್ಲ. ಕೈಗೆ ಯಾರದೋ ಕಾಲು ಸಿಕ್ತು, ಗಟ್ಟಿಯಾಗಿ ಹಿಡ್ಕೊಂಡೆ. ಪಾಪ, ಅವರಿಗೆ ನೋವಾಯ್ತೇನೋ, ಎದೆಗೆ ಒದ್ರು. ಎಂಥಾ ಒದೆ ಅಂತೀಯ. ಆದ್ರೂ ಬಿಡ್ಲಿಲ್ಲ ನಾನು."

ಅವನ ಎರಡೂ ಕೈಗಳನ್ನು ಆಪರೇಷನ್ ಟೇಬಲ್ಲಿನ ಪಕ್ಕದ ಹಲಗೆಗಳಿಗೆ ಪಟ್ಟಿಯಿಂದ ಕಟ್ಟಿದ್ದರು ಎಂದು ಸರ್ಜನ್ ನನಗೆ ಆಗಲೇ ಹೇಳಿದ್ದರು. ಅರೆಪ್ರಜ್ಞೆಯಲ್ಲಿ ಯಾರದೋ ಮಾತು ಅವನ ಕಿವಿಗೆ ಬಿದ್ದಿರಬಹುದು. ನನಗೆ ನಿಜಕ್ಕೂ ಮೂರ್ಛೆ ಬಂದಿರಬಹುದು. ಆದರೆ ಅತ್ತಿಗೆ ನನ್ನ ಜೊತೆ ನೆಲದ ಮೇಲೆ ಜಾರಿದ್ದನ್ನು ಯಾವ ಲೆಕ್ಕಕ್ಕೆ ಸೇರಿಸಲಿ? ಇಷ್ಟು ವರ್ಷ ಯೋಚಿಸಿದ್ದೇನೆ, ಸೇರಿಸಲಾಗಿಲ್ಲ.

ಅಣ್ಣ ಬದುಕಿದ್ದಾನೆ, ಚೀಲದ ಜೊತೆಗೇ ಮಗ್ಗದ ಮುಂದೆ ನಿಲ್ಲುತ್ತಾನೆ. ಆ ಬೆಳಿಗ್ಗೆ ಗಂಜಿ ಮುಗಿಸಿ ಅವನು ಇನ್ನೂ ಒಂದು ಮಾತು ಹೇಳಿದ್ದ: "ಯಾರ ಕಾಲು ಅಂತ ಗೊತ್ತಾಗಿದ್ರೆ ತಪ್ಪಾಯ್ತು ಅಂತ ಕೇಳ್ಬೌದಿತ್ತು."

ಮಂಚದ ಪಕ್ಕ ಕೂತಿದ್ದ ನಾನು ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡೆ.