ಅವ್ವನ ವಾಯು, ಮಿಸ್ಸಿನ ಗ್ರೀಕು

ಕಳೆದ ವಾರ ಫಿಜಿಯೋಥೆರಪಿಯ ಹುಡುಗಿ ನನ್ನ ಮೊಣಕಾಲಿಗೆ ಮುಲಾಮು ತಿಕ್ಕಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಕಾನ್ವೆಂಟಿನ ಬಯಾಲಜಿ ಮಿಸ್ ಎದುರಿಗೇ ಬಂದು ಕುಳಿತಂತಾಯಿತು. ಅವರ ಸೀರೆಗೂ ಇದೇ ವಾಸನೆ... ಕುಂಟುತ್ತ ಕ್ಲಾಸಿಗೆ ಬಂದರೆ ಮತ್ತೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪ್ರೀತಿಯಿಂದ ನೆನೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ.

ಒಂಬತ್ತನೇ ಕ್ಲಾಸಿನಲ್ಲಿ ಅವರಿಗೊಂದು ಲೀವ್ ಲೆಟರ್ ಕೊಟ್ಟಿದ್ದೆ. ಅವ್ವನ ಮೊಣಕಾಲು ಬಾತಿತ್ತು, ಬಬಲೇಶ್ವರದ ವೈದ್ಯರ ಹತ್ತಿರ ಕರೆದೊಯ್ಯಬೇಕಿತ್ತು. ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಆ ನೋವಿಗೆ ವಾಯು ಎನ್ನುತ್ತಿದ್ದರು. ನಾನು ಜಾಣೆಯಂತೆ ಅದನ್ನೇ ಇಂಗ್ಲಿಷ್ ಮಾಡಿದ್ದೆ: ‘ಮೈ ಮದರ್ ಹ್ಯಾಸ್ ವಿಂಡ್ ಇನ್ ಹರ್ ನೀಸ್.’

ಮಿಸ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

“ಗರ್ಲ್ಸ್, ಕಿಟಕಿ ಹಾಕ್ರಿ! ಈಕಿ ಅವ್ವ ಹಾರಿ ಹೋದಾಳು!”

ಆಮೇಲೆ ನನ್ನಿಂದಲೇ ಬೋರ್ಡಿನ ಮೇಲೆ ಬರೆಸಿದರು. ಆರ್ಥ್ರೈಟಿಸ್. ಗ್ರೀಕಿನಲ್ಲಿ ‘ಆರ್ಥ್ರಾನ್’ ಎಂದರೆ ಕೀಲು, ‘ಐಟಿಸ್’ ಎಂದರೆ ಉರಿಯೂತ. ಕೆಟ್ಟ ಹೆಂಗಸು. ತನ್ನ ಕಾಲೂ ಹಾಗೇ ನೋಯುತ್ತಿತ್ತಲ್ಲ! ಎಷ್ಟೋ ವರ್ಷಗಳ ನಂತರ ಡಿಕ್ಷನರಿ ನೋಡಿದೆ. ‘ಐಟಿಸ್’ ಎಂದರೆ ಗ್ರೀಕರಿಗೆ ಬರೀ ‘ಅದಕ್ಕೆ ಸೇರಿದ್ದು’ ಎಂದಷ್ಟೇ. ಉರಿಯೂತವನ್ನು ಆಮೇಲೆ ಡಾಕ್ಟರುಗಳು ಅಂಟಿಸಿದ್ದು. ಮಿಸ್ ಹೇಳಿದ್ದೂ ಅರ್ಧವೇ ಸರಿ. ಆ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ... ನಾಚಿಕೆಯೇನೂ ಇಲ್ಲ.

ಲೀವ್ ಸಿಗಲಿಲ್ಲ. ಸಂಜೆ ಅವ್ವನ ಮೇಲೆ ಹರಿಹಾಯ್ದೆ. “ಇನ್ನ ಮ್ಯಾಲ ವಾಯು ಅನಬ್ಯಾಡ. ಆರ್ಥ್ರೈಟಿಸ್ ಅನ್ನು.”

“ಅರ್ಥ ರೈಟ್? ಅರ್ಥ ರೈಟ್ ಇದ್ರ ಕಾಲ್ ಯಾಕ ರೈಟ್ ಇಲ್ಲ ಬೇ?” ಎಂದು ಅವ್ವ ನಕ್ಕಳು. ನಾನು ನಗಲಿಲ್ಲ.

ಆ ವರ್ಷ ಬಯಾಲಜಿಯಲ್ಲಿ ನನಗೇ ಫಸ್ಟ್ ಪ್ರೈಜ್. ಸ್ಕೂಲಿನ ಹಾಲ್‌ನಲ್ಲಿ ಪ್ರೈಜ್ ಕೊಡುವ ದಿನ ಉಡಲೆಂದು ಅವ್ವ, ತಿಕೋಟಾದ ತವರಿನವರು ಕೊಟ್ಟ ಇಳಕಲ್ ಸೀರೆ ತೆಗೆದಿಟ್ಟಳು. ಮಿಸ್ ಎದುರು ಅವಳು ಬಾಯಿ ತೆರೆದರೆ ಗತಿಯೇನು ಎಂದು ಹೆದರಿದೆ.

“ನೀ ಬರಬ್ಯಾಡವ್ವಾ. ಅಲ್ಲಿ ಮೆಟ್ಟಲ ಭಾಳ ಅದಾವ.”

“ಹೌದಾ? ಹಂಗಾರ ಬ್ಯಾಡ ಬಿಡು. ಈ ಅರ್ಥ... ಅದೇನೋ ಅಂದ್ಯಲ್ಲ, ಅದು ಹತ್ತಗೊಡೂದಿಲ್ಲ,” ಎಂದು ಸೀರೆ ಮಡಚಿದಳು.

ಮಿಸ್ ಹೋದ ಸುದ್ದಿ ಮೊನ್ನೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ‘ಗ್ರೇಟ್ ಟೀಚರ್’ ಎಂದು ಎಲ್ಲರೂ ಕೈ ಮುಗಿದಿದ್ದಾರೆ. ನಾನು ಮುಗಿಯಲಿಲ್ಲ, ಮುಗಿಯುವುದೂ ಇಲ್ಲ. ಅವ್ವ ಹೋಗಿಯೇ ಎಷ್ಟೋ ಕಾಲವಾಯಿತು. ಪ್ರೈಜ್ ಕೊಟ್ಟ ಆ ಹಾಲ್‌ಗೆ ಒಂದು ಮೆಟ್ಟಿಲೂ ಇರಲಿಲ್ಲ ಎಂದು ನಾನು ಅವಳಿಗೆ ಹೇಳಲೇ ಇಲ್ಲ...