ಕರಿ ದಿನ ನಡುಗಡ್ಡೆಯಲ್ಲಿ ಕೇಳಿದ ಪ್ರಶ್ನೆ

1978ರ ಜನವರಿ 15, ಭಾನುವಾರ, ಬೆಳಿಗ್ಗೆ ಹತ್ತೂವರೆ. ದೇವದುರ್ಗದಲ್ಲಿ ಬಸ್ಸಿಳಿದು, ಜೀಪು ಹಿಡಿದು ಕೃಷ್ಣೆಯ ದಡಕ್ಕೆ ಬಂದಿದ್ದೆ. ಹರಿಗೋಲಿನಲ್ಲಿ ಇದ್ದವರು ಅಂಬಿಗ, ರೊಟ್ಟಿ ಬುತ್ತಿ ಹೊತ್ತ ಒಂದು ಕುಟುಂಬ ಮತ್ತು ನಾನು. ಅಂದು ಸಂಕ್ರಾಂತಿಯ ಮರುದಿನ, ಕರಿ. ಜನ ಹೊಳೆಗೆ ಹೋಗಿ ಉಂಡು ಬರುವ ದಿನ. ಕರಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

"ಎಲ್ಲಾರೂ ಬುತ್ತಿ ತಂದಾರ, ಸಾಬ್ರು ಛತ್ರಿ ತಂದಾರ. ಮಳಿ ತರಸ್ತೀರೇನು?" ಎಂದು ಅಂಬಿಗ ನಗಿಸಿದ.

ನಾನು ಉಣ್ಣಲು ಹೊರಟಿರಲಿಲ್ಲ. ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯ ವಿಧವೆ ನನ್ನನ್ನು ಅಣ್ಣ ಎನ್ನುತ್ತಿದ್ದಳು. ಅವಳ ಒಬ್ಬಳೇ ಮಗಳಿಗೆ ನಡುಗಡ್ಡೆಯ ಹಳ್ಳಿಯಿಂದ ಸಂಬಂಧ ಬಂದಿತ್ತು. "ನೀವು ಸಾಬ್ರು. ಹೆಣ್ಣಿನ ಕಡಿಯವರು ಅಂತ ಯಾರಿಗೂ ಅನುಮಾನ ಬರಂಗಿಲ್ಲ. ಮನಿ ನೋಡಿ ಬರ್ರಿ ಅಣ್ಣಾರ, ಬಾಯಿ ಮಾತ್ರ ಬಿಡಬ್ಯಾಡ್ರಿ" ಎಂದಿದ್ದಳು. ನಾನು ರೈಲ್ವೆ ಕ್ಯಾಬಿನ್ನಿನಲ್ಲಿ ಸಿಗ್ನಲ್ ಎಳೆಯುವವನು. ಆಚೆಯ ಕ್ಯಾಬಿನ್ನಿನಿಂದ ಉತ್ತರ ಬಾರದೆ ಒಂದು ಗಾಡಿಯನ್ನೂ ಬಿಟ್ಟವನಲ್ಲ. ಕೇಳದೆ ನೋಡಿ ಬರುವುದು ಎಂಥ ತಪಾಸಣೆ?

ನಡುಗಡ್ಡೆಯಲ್ಲಿ ಇಳಿದು ಜೋಳದ ಹೊಲಗಳ ನಡುವೆ ಇಪ್ಪತ್ತು ನಿಮಿಷ ನಡೆದಾಗ ದಡದ ಗದ್ದಲ ಕೇಳದಾಯಿತು. ಹಳ್ಳಿ ಎಂದರೆ ಮೂವತ್ತು ಮನೆಗಳು. ಓಣಿ ಗುಡಿಸಿಟ್ಟಿದ್ದರು, ಬಾಗಿಲುಗಳು ಅರ್ಧ ತೆರೆದಿದ್ದವು. ಬಿಸಿಲಿನಲ್ಲಿ ಒಂದು ನಾಯಿ ಮಲಗಿತ್ತು, ಅದೂ ಬೊಗಳಲಿಲ್ಲ. ಅಷ್ಟು ಸದ್ದಿಲ್ಲದ ಊರು ನನಗೆ ಸರಿಬರಲಿಲ್ಲ.

ಗಂಡಿನ ಮನೆಯನ್ನು ಎರಡು ಸಲ ದಾಟಿದೆ. ಬೇವಿನ ಮರ, ಎರಡು ಎತ್ತು, ಸುಣ್ಣ ಬಳಿದ ಗೋಡೆ, ಎಲ್ಲ ಒಪ್ಪವಾಗಿತ್ತು. ಆದರೆ ಹಿತ್ತಲ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು, ಒಳಗೆ ಯಾರೋ ಕೆಮ್ಮುತ್ತಿದ್ದರು.

ಮೂಲೆಯ ಅಂಗಡಿಯವನನ್ನು ಕೇಳಿದೆ: "ಆ ಮನಿ ಹುಡುಗಗ ಹೆಣ್ಣು ನೋಡಾಕತ್ತಾರಂತ. ನಡತಿ ಹೆಂಗದ?"

ಅವನು ತಕ್ಕಡಿ ಒರೆಸತೊಡಗಿದ. "ಬೀಡಿ ಬೇಕೇನ್ರಿ?"

ಗಂಡಿನ ಮನೆಯ ಎದುರಿನ ಕಟ್ಟೆಯಲ್ಲಿ ಮುದುಕಿಯೊಬ್ಬಳು ಶೇಂಗಾ ಸುಲಿಯುತ್ತಿದ್ದಳು. ಅವಳನ್ನೂ ಅದೇ ಪ್ರಶ್ನೆ ಕೇಳಿದೆ. "ಎಳ್ಳು ತಗೋರಿ" ಎಂದು ಅಂಗೈಗೆ ಎಳ್ಳು ಬೆಲ್ಲ ಸುರಿದಳು.

"ಯವ್ವಾ, ಆ ಕೋಣ್ಯಾಗ ಕೆಮ್ಮೋರು ಯಾರು?"

"ಬಿಸಲು ಭಾಳ ಅದ. ನೀರು ಕುಡೀರಿ."

"ಕೇಳಿದ್ದು ಒಂದು, ಹೇಳೋದು ಇನ್ನೊಂದು!"

"ಗುರುವಾರ ಬಾರೋ ಯಪ್ಪಾ. ಒಳ್ಳೇದೂ ಹೇಳತೀನಿ, ಕೆಟ್ಟದ್ದೂ ಹೇಳತೀನಿ. ಇವತ್ತ ನನ್ನ ಬಾಯಿ ತೆರಸಬ್ಯಾಡ."

ಕೆಟ್ಟದ್ದೂ ಇದೆ ಎಂದಾಯಿತು. ಇನ್ನಿಬ್ಬರನ್ನು ಕೇಳಿದೆ. ಒಬ್ಬ ಎಮ್ಮೆ ಹೊಡೆದುಕೊಂಡು ಹೋದ, ಇನ್ನೊಬ್ಬಳು ಮತ್ತಷ್ಟು ಎಳ್ಳು ಕೊಟ್ಟಳು. ಊರಿಗೆ ಊರೇ ಸೇರಿ ಏನನ್ನೋ ಮುಚ್ಚಿಡುತ್ತಿದೆ, ಕಾಯಿಲೆ ಇಲ್ಲವೇ ಮೊದಲ ಹೆಂಡತಿ, ಎಂದು ಲೆಕ್ಕ ಹಾಕುತ್ತ ಮರಳಿದೆ.

ಸಂಜೆ ಆರಕ್ಕೆ ವಿಧವೆಯ ಮನೆಯಲ್ಲಿ ಕಂಡದ್ದನ್ನು ಕ್ರಮವಾಗಿ ಹೇಳಿದೆ. ಊರವರನ್ನು ಪ್ರಶ್ನೆ ಕೇಳಿದ ವಿಷಯಕ್ಕೆ ಬಂದಾಗ ಅವಳು ಗೋಡೆ ಹಿಡಿದು ಕುಳಿತಳು.

"ಕರಿ ದಿನ ಲಗ್ನದ ಮಾತು ತಗದ್ರ್ಯಾ? ಇವತ್ತ ಆಡಿದ್ದು ಮುರೀತದ ಅಣ್ಣಾರ! ಅದಕ್ಕ ಬಾಯಿ ಬಿಡಬ್ಯಾಡ್ರಿ ಅಂದಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಅವರು ಏನಂದ್ರು?"

"ಒಬ್ಬರೂ ಅದರ ಮಾತು ಆಡಲಿಲ್ಲ. ಗುರುವಾರ ಬಾ, ಹೇಳತೀನಿ ಅಂದಳು ಎದುರು ಮನಿ ಮುದುಕಿ."

ಅವಳು ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. "ಹಂಗಾದ್ರ ಅವರು ಉಳಿಸ್ಯಾರ. ಈ ಸಂಬಂಧ ಬ್ಯಾಡಾಗಿದ್ರ ಇವತ್ತೇ ಬಾಯಿತುಂಬ ಮಾತಾಡತಿದ್ರು."

ಇರಬಹುದು. ಆದರೆ ಚಿಲಕ ಹಾಕಿದ್ದು ಕರಿಗಾಗಿ ಅಲ್ಲವಲ್ಲ. ಅದನ್ನೇ ಹೇಳಿದೆ. ಅವಳು ಮಗಳ ಕಡೆ ನೋಡಿದಳು, ಮಗಳು ನನ್ನ ಕಡೆ ನೋಡಿದಳು. "ಗುರುವಾರ ಹೋದಾಗ ಮಾಮಾ ಅದನ್ನ ಮೊದಲು ಕೇಳಲಿ" ಎಂದಳು ಹುಡುಗಿ.

ಮನೆಗೆ ಬಂದು ಗುರುವಾರಕ್ಕೆ ರಜೆಯ ಅರ್ಜಿ ಬರೆದೆ. ಕಾರಣದ ಸಾಲಿನಲ್ಲಿ 'ಮನೆಯ ಕೆಲಸ' ಎಂದು ತುಂಬಿ ಸಹಿ ಹಾಕಿದೆ.